ಇಂಗ್ಲಿಷ್ ಸಂಯೋಜಕ ಪರ್ಸೆಲ್‌ನ ‘ಡೈಡೋ ಆ್ಯಂಡ್ ಈನಿಯಸ್’ ಒಪೆರಾದ (ಸಂಗೀತ ನಾಟಕ) ಕೊನೆಯ ಶೋಕಗೀತೆಯ ಕೀ (ಆಧಾರ ಸ್ವರಶ್ರೇಣಿ) ಜಿ ಮೈನರ್ ಅಂತಾರೆ, ರೆಕಾರ್ಡಿಂಗ್ ಕೇಳಿ ಕೀ, ಟೆಂಪೊ ಹೇಳುವ ಆ್ಯಪ್ ಎಫ್ ಶಾರ್ಪ್ ಮೈನರ್ ತೋರಿಸುತ್ತೆ. ಟೆಂಪೊ (ನಿಮಿಷಕ್ಕೆ ಬೀಟ್‌ಗಳು) ಕೂಡ 100 ಅನ್ನುತ್ತೆ. ಯಾವುದು ಸರಿ?

ಕೀ ವಿಷಯದಲ್ಲಿ ಎರಡೂ ಸರಿ. ಸ್ವರಲಿಪಿಯಲ್ಲಿರುವುದು ಜಿ ಮೈನರ್. ಆದರೆ ಹಳೆಯ ವಾದ್ಯಗಳ ತಂಡಗಳು ಸಾಮಾನ್ಯವಾಗಿ ‘ಎ’ ಸ್ವರವನ್ನು 440ರ ಬದಲು 415 ಹರ್ಟ್ಸ್‌ಗೆ ಶ್ರುತಿ ಮಾಡುತ್ತವೆ. ಅಂದರೆ ಅರ್ಧ ಸ್ವರ ಕೆಳಗೆ. ಆ್ಯಪ್‌ಗೆ 440 ಮಾತ್ರ ಗೊತ್ತು, ಹಾಗಾಗಿ ಜಿಯನ್ನು ಎಫ್ ಶಾರ್ಪ್ ಎನ್ನುತ್ತದೆ. ರೆಕಾರ್ಡಿಂಗ್ ಜೊತೆ ಕೀಬೋರ್ಡ್ ನುಡಿಸಬೇಕಿದ್ದರೆ ಕೀಬೋರ್ಡನ್ನು ಒಂದು ಸೆಮಿಟೋನ್, ಅಂದರೆ ಅರ್ಧ ಸ್ವರ, ಇಳಿಸಿ (ಟ್ರಾನ್ಸ್‌ಪೋಸ್ −1). ರೆಕಾರ್ಡಿಂಗ್‌ನ ವೇಗ ಮುಟ್ಟಬೇಡಿ.

ಟೆಂಪೊ ಮಾತ್ರ ಆ್ಯಪ್‌ನ ತಪ್ಪು. ತಾಳವಾದ್ಯವಿಲ್ಲ, ಗಾಯಕಿ ಎಳೆದು ಹಾಡುತ್ತಾರೆ. ಹಾಗಾಗಿ ಅದು ಅರ್ಧ ಬೀಟನ್ನೇ ಪೂರ್ತಿ ಬೀಟೆಂದು ಎಣಿಸಿ ದುಪ್ಪಟ್ಟು ತೋರಿಸುತ್ತದೆ. ಕೈಯಲ್ಲೇ ಅಳೆಯಿರಿ: ಐದು ಬಾರ್‌ಗಳ (ತಾಳದ ಆವರ್ತಗಳ) ಬಾಸ್ ಸಾಲು, ಅಂದರೆ ಕೆಳಸ್ವರಗಳ ಸಾಲು, 11 ಸಲ ಮರಳುತ್ತದೆ, ಬಾರ್‌ಗೆ ಮೂರು ಬೀಟ್, ಒಂದು ಸುತ್ತಿಗೆ ಒಟ್ಟು 15. ಒಂದು ಸುತ್ತಿಗೆ ಹಿಡಿದ ಸೆಕೆಂಡುಗಳಿಂದ 900ನ್ನು ಭಾಗಿಸಿ. 18 ಸೆಕೆಂಡಾದರೆ 50.

ಆ್ಯಪ್ ಕೊಡುವ ‘ಮೂಡ್’ ನಂಬಲೇಬೇಡಿ. ಟೆಂಪೊ 100 ಎಂದುಕೊಂಡ ಮೇಲೆ ಅದು ಏನು ಬೇಕಾದರೂ ಹೇಳೀತು. ಇಲ್ಲಿನ ದುಃಖ ಬರೀ ಮೈನರ್‌ನಿಂದ ಬಂದದ್ದಲ್ಲ. ಬಾಸ್ ಜಿಯಿಂದ ಡಿವರೆಗೆ ಅರ್ಧರ್ಧ ಸ್ವರವಾಗಿ ಜಾರುತ್ತದೆ: ಜಿ, ಎಫ್ ಶಾರ್ಪ್, ಎಫ್, ಇ, ಇ ಫ್ಲ್ಯಾಟ್, ಡಿ. ಹಾಡಿನ ಸಾಲು ಬಾಸ್ ಮುಗಿದಲ್ಲೇ ಮುಗಿಯದೆ ಮುಂದಿನ ಸುತ್ತಿನ ಮೇಲೆ ಚಾಚಿಕೊಳ್ಳುತ್ತದೆ, ಅಲ್ಲಿ ಕರ್ಕಶ ಘರ್ಷಣೆ ಹುಟ್ಟುತ್ತದೆ.