ಕೆಂಪಾಗದ ಟೊಮೆಟೊ ಹಣ್ಣಾಯಿತು ಅಂತ ತಿಳಿಯುವುದು ಹೇಗೆ?

ಹಣ್ಣಾದ ಮೇಲೂ ಹಸಿರಾಗಿಯೇ ಇರುವ ಪಟ್ಟೆ ಟೊಮೆಟೊ ಬಗ್ಗೆ ಈ ಸಲ ಪ್ರಶ್ನೆಗಳು ಜಾಸ್ತಿ ಬಂದಿವೆ. ಒಂದೇ ಥರದವನ್ನು ಒಟ್ಟು ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಗ್ರೀನ್ ಜೀಬ್ರಾ ಅನ್ನುವ ತಳಿಯ ಎರಡು ಗಿಡ ಹಾಕಿದ್ದೇನೆ. ಕಾಯಿ ದಪ್ಪವಾಗಿ ತುಂಬಾ ದಿನವಾಯಿತು, ಬಣ್ಣ ಮಾತ್ರ ತಿರುಗುತ್ತಿಲ್ಲ. ಒಂದನ್ನು ಕಿತ್ತು ಕೊಯ್ದರೆ ಕಲ್ಲಿನಂತೆ ಗಟ್ಟಿ. ಹಾಗಂತ ಇನ್ನೊಂದನ್ನು ಬಿಟ್ಟರೆ ಅದು ಗಿಡದಲ್ಲೇ ಮೆತ್ತಗಾಗಿ ಕೊಳೆಯಿತು. ಯಾವಾಗ ಕೀಳಬೇಕು ಸರ್?

ಉತ್ತರ: ನೀವು ಕಣ್ಣನ್ನು ನಂಬಿ ಕೂತಿದ್ದೀರಿ. ಈ ಟೊಮೆಟೊ ವಿಷಯದಲ್ಲಿ ಬೆರಳನ್ನು ನಂಬಬೇಕು.

ಮಾಮೂಲಿ ಟೊಮೆಟೊ ಹಣ್ಣಾಗುವಾಗ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಕಾಯಿಯಲ್ಲಿದ್ದ ಹಸಿರು, ಅಂದರೆ ಕ್ಲೋರೊಫಿಲ್, ಕರಗಿ ಹೋಗುತ್ತದೆ. ಅದರ ಜಾಗದಲ್ಲಿ ಲೈಕೋಪೀನ್ ಅನ್ನುವ ಕೆಂಪು ತುಂಬಿಕೊಳ್ಳುತ್ತದೆ. ಹಸಿರು ಹಣ್ಣಿನ ತಳಿಗಳಲ್ಲಿ ಈ ಎರಡೂ ನಡೆಯುವುದಿಲ್ಲ. ಹಸಿರು ಪೂರ್ತಿ ಕರಗುವುದಿಲ್ಲ, ಕೆಂಪು ಹುಟ್ಟುವುದಿಲ್ಲ. ಹಸಿರು ಉಳಿದು ಅದರ ಜೊತೆ ಕೆಂಪೂ ಬಂದರೆ ಏನಾಗುತ್ತದೆ ಗೊತ್ತಾ? ಕಂದು ಬಣ್ಣ. 'ಕಪ್ಪು ಟೊಮೆಟೊ' ಅಂತ ಮಾರುವ ಹಣ್ಣುಗಳಲ್ಲಿ ಹೆಚ್ಚಿನವು ಹಾಗೇ ಆದವು.

ಬಣ್ಣ ಬಿಟ್ಟರೆ ಉಳಿದದ್ದೆಲ್ಲ ಮಾಮೂಲಿಯಂತೆಯೇ ನಡೆಯುತ್ತದೆ. ಹಣ್ಣು ಮೆತ್ತಗಾಗುತ್ತದೆ, ಸಿಹಿ ಏರುತ್ತದೆ, ಪರಿಮಳ ಬರುತ್ತದೆ. ಹಾಗಾಗಿ ಮೊದಲ ಗುರುತು ಮೆದುತನ. ಹಣ್ಣಿನ ಕೆಳತುದಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಒತ್ತಿದಲ್ಲಿ ಸ್ವಲ್ಪವೇ ಬಗ್ಗಿ ಬಿಟ್ಟ ಕೂಡಲೇ ಮೇಲೆ ಬಂದರೆ ಹದ ಸರಿ ಇದೆ. ಬಗ್ಗದಿದ್ದರೆ ಬಿಡಿ, ಬೆರಳಚ್ಚು ಉಳಿದರೆ ತಡವಾಯಿತು. ಎಲ್ಲರ ಮನೆಯಲ್ಲೂ ಒತ್ತುವ ಕೈಗಳು ಒಂದಕ್ಕಿಂತ ಜಾಸ್ತಿ ಇರುತ್ತವೆ, ದಿನಕ್ಕೆ ಹತ್ತು ಸಲ ಒತ್ತಿಸಿಕೊಂಡ ಹಣ್ಣು ಹಣ್ಣಾಗುವ ಮೊದಲೇ ಹಾಳಾಗುತ್ತದೆ. ಒಬ್ಬರೇ ನೋಡಿಕೊಳ್ಳಿ.

ಎರಡನೆಯದು ಪಟ್ಟೆಗಳ ನಡುವಿನ ಜಾಗ. ಬಣ್ಣ ತಿರುಗುವುದೇ ಇಲ್ಲ ಅಂದೆನಲ್ಲ, ಅದು ಪೂರ್ತಿ ನಿಜವಲ್ಲ. ಗ್ರೀನ್ ಜೀಬ್ರಾದ ಸಿಪ್ಪೆಯಲ್ಲಿ ಹಳದಿ ಇರುತ್ತದೆ. ಕಾಯಿ ಬಲಿಯುವಾಗ ದಟ್ಟ ಹಸಿರಿನ ಪಟ್ಟೆ ಹಾಗೇ ಉಳಿದು, ತಿಳಿ ಹಸಿರಿನ ಪಟ್ಟೆ ನಿಧಾನವಾಗಿ ಹಳದಿಗೆ, ಕೊನೆಗೆ ಜೇನಿನ ಬಣ್ಣದ ಕಡೆಗೆ ವಾಲುತ್ತದೆ. ಈ ಬದಲಾವಣೆ ಮೊದಲು ಕಾಣುವುದು ತೊಟ್ಟಿನ ಹತ್ತಿರ ಅಲ್ಲ, ಕೆಳಗೆ. ನಿಂತು ನೋಡಿದರೆ ತಿಳಿಯುವುದಿಲ್ಲ, ಬಗ್ಗಿ ಅಡಿಯಿಂದ ನೋಡಬೇಕು. ಅದೂ ಬೆಳಗಿನ ತಿಳಿ ಬೆಳಕಿನಲ್ಲಿ. ಸಂಜೆಯ ಬಿಸಿಲಲ್ಲಿ ಎಲ್ಲವೂ ಹಳದಿಯಾಗಿಯೇ ಕಾಣುತ್ತದೆ.

ತೊಟ್ಟಿನಲ್ಲಿ ಒಂದು ಗಂಟು ಇರುತ್ತದೆ, ನೋಡಿರಬಹುದು. ಬಲಿತ ಹಣ್ಣನ್ನು ಸ್ವಲ್ಪ ಮೇಲೆತ್ತಿದರೆ ಆ ಗಂಟಿನಲ್ಲಿ ಸುಲಭವಾಗಿ ಮುರಿದುಕೊಂಡು ಕೈಗೆ ಬರುತ್ತದೆ. ಎಳೆಯಬೇಕಾಗಿ ಬಂದರೆ ಇನ್ನೂ ಸಮಯ ಇದೆ ಅಂತ ಅರ್ಥ.

ಇಷ್ಟಾದರೂ ಅನುಮಾನ ಇದ್ದರೆ ಒಂದು ಕಾಯಿಯನ್ನು ಬಲಿ ಕೊಡಿ. ಹರಿತವಾದ ಚಾಕುವಿನಿಂದ ಅಡ್ಡ ಕೊಯ್ಯಿರಿ. ಬೀಜಗಳು ಚಾಕುವಿಗೆ ಸಿಕ್ಕಿ ತುಂಡಾದರೆ ಕಾಯಿ ಇನ್ನೂ ಎಳೆಯದು. ಬೀಜದ ಸುತ್ತ ಲೋಳೆ ತುಂಬಿ, ಬೀಜಗಳು ಚಾಕುವಿನಿಂದ ಜಾರಿಕೊಂಡರೆ ಆ ಗೊಂಚಲಿನ ಉಳಿದ ಕಾಯಿಗಳು ಬಲಿತಿವೆ. ಅವನ್ನು ಕಿತ್ತು ಮನೆಯೊಳಗೆ ಇಟ್ಟರೂ ಹಣ್ಣಾಗುತ್ತವೆ. ಬಿಸಿಲು ಬೇಕಿಲ್ಲ, ಫ್ರಿಜ್ ಅಂತೂ ಬೇಡವೇ ಬೇಡ. 12 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿನ ಜಾಗದಲ್ಲಿ ಟೊಮೆಟೊ ಪರಿಮಳ ಕಳೆದುಕೊಳ್ಳುತ್ತದೆ.

ಕಾಯಿ ಇನ್ನೂ ದಪ್ಪವಾಗಲಿ ಅಂತಲೂ ಕೆಲವರು ಕಾಯುತ್ತಾರೆ. ಇದು ಸಣ್ಣ ಹಣ್ಣಿನ ತಳಿ. ಅಡ್ಡಗಲ 4–5 ಸೆಂಟಿಮೀಟರ್ ಬಂದರೆ ಅಷ್ಟೇ. ಸಸಿ ನೆಟ್ಟ ದಿನದಿಂದ ಸುಮಾರು 75–80 ದಿನಕ್ಕೆ ಮೊದಲ ಹಣ್ಣು ಸಿಗುತ್ತದೆ, ಚಳಿ ಇದ್ದರೆ ಇನ್ನೂ ತಡ. ಗೊಂಚಲಿನಲ್ಲಿ ಹೂ ಕಾಯಿ ಕಟ್ಟಿದಾಗ ಒಂದು ಬಣ್ಣದ ದಾರ ಕಟ್ಟಿ ತಾರೀಖು ಬರೆದಿಟ್ಟುಕೊಳ್ಳಿ. ಅಲ್ಲಿಂದ 6 ವಾರ ಆದ ಮೇಲೆ ಒತ್ತಿ ನೋಡಲು ಶುರು ಮಾಡಿದರೆ ಸಾಕು.

ಪ್ರಶ್ನೆ: ಬೀಜದ ಪೊಟ್ಟಣದ ಮೇಲೆ 'ಪಾರಂಪರಿಕ ತಳಿ' ಅಂತ ಬರೆದಿದೆ. ನನ್ನ ಗೆಳೆಯರೊಬ್ಬರು ಗ್ರೀನ್ ಜೀಬ್ರಾ ಪಾರಂಪರಿಕವೇ ಅಲ್ಲ ಅನ್ನುತ್ತಾರೆ. ಯಾರು ಹೇಳುವುದು ಸರಿ?

ಉತ್ತರ: ಗೆಳೆಯರು ಹೇಳುವುದು ಸರಿ, ಆದರೆ ಅದರಿಂದ ನಿಮಗೆ ನಷ್ಟವೇನೂ ಇಲ್ಲ. ಈ ತಳಿಯನ್ನು ಅಭಿವೃದ್ಧಿ ಮಾಡಿದವರು ಅಮೆರಿಕದ ಟಾಮ್ ವ್ಯಾಗ್ನರ್. 1983ರಲ್ಲಿ ತಮ್ಮದೇ ಬೀಜದ ಕ್ಯಾಟಲಾಗ್ ಮೂಲಕ ಇದನ್ನು ಹೊರತಂದರು. ಪಾರಂಪರಿಕ ಅನ್ನಿಸಿಕೊಳ್ಳಲು ಕನಿಷ್ಠ 50 ವರ್ಷ ಆಗಿರಬೇಕು ಅಂತ ಹಲವರು ಲೆಕ್ಕ ಹಾಕುತ್ತಾರೆ. ಆ ಲೆಕ್ಕದಲ್ಲಿ ಇದು ಇನ್ನೂ ಹುಡುಗ. ಆಂಟ್ ರೂಬೀಸ್ ಜರ್ಮನ್ ಗ್ರೀನ್ ಅನ್ನುವ ಇನ್ನೊಂದು ಹಸಿರು ಹಣ್ಣಿನ ತಳಿ ಇದೆ. ಅಮೆರಿಕದ ಟೆನ್ನೆಸಿ ರಾಜ್ಯದ ಒಂದು ಕುಟುಂಬ ಉಳಿಸಿಕೊಂಡು ಬಂದದ್ದು, ನಿಜವಾದ ಪಾರಂಪರಿಕ ತಳಿ. ಹಣ್ಣು ದೊಡ್ಡದು, ಆದರೆ ಅದಕ್ಕೆ ಪಟ್ಟೆ ಇಲ್ಲ.

ತೋಟ ಮಾಡುವವರಿಗೆ ತಳಿಯ ವಯಸ್ಸಿಗಿಂತ ಮುಖ್ಯವಾದ ಪ್ರಶ್ನೆ ಒಂದೇ: ಬೀಜ ತೆಗೆದಿಟ್ಟರೆ ಮುಂದಿನ ಸಲ ಅದೇ ಗಿಡ ಬರುತ್ತದಾ? ಗ್ರೀನ್ ಜೀಬ್ರಾ ಹೈಬ್ರಿಡ್ ಅಲ್ಲ. ಹಾಗಾಗಿ ಬರುತ್ತದೆ.

ಪ್ರಶ್ನೆ: ಬರುತ್ತದೆ ಅಂತ ನಂಬಿಯೇ ಕಳೆದ ಬೆಳೆಯ ಹಣ್ಣಿನಿಂದ ಬೀಜ ತೆಗೆದಿಟ್ಟಿದ್ದೆ. ಈ ಸಲ ನೆಟ್ಟ ಗಿಡಗಳಲ್ಲಿ ಒಂದು ಪೂರ್ತಿ ಕೆಂಪು ಹಣ್ಣು ಬಿಟ್ಟಿದೆ, ಪಟ್ಟೆಯೂ ಇಲ್ಲ. ಉಳಿದವು ಸರಿಯಾಗಿವೆ. ಎಲ್ಲಿ ತಪ್ಪಾಯಿತು?

ಉತ್ತರ: ಪಕ್ಕದಲ್ಲಿ ಕೆಂಪು ಟೊಮೆಟೊ ಇತ್ತು, ಅಲ್ವಾ? ದುಂಬಿ ಬಂದು ಹೋಗಿದೆ. ಟೊಮೆಟೊ ಹೂವು ಸಾಮಾನ್ಯವಾಗಿ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ಆದರೂ ಅಪರೂಪಕ್ಕೆ ಹೀಗೆ ಬೆರಕೆ ಆಗುತ್ತದೆ.

ಇದರಲ್ಲಿ ಒಂದು ಸ್ವಾರಸ್ಯ ಇದೆ. ಈ ಹಣ್ಣಿನ ರೂಪಕ್ಕೆ ಮುಖ್ಯವಾಗಿ ಮೂರು ಗುಣ ಸೇರಬೇಕು: ಹಸಿರು ಕರಗದಿರುವುದು, ತಿರುಳಿನಲ್ಲಿ ಕೆಂಪು ಹುಟ್ಟದಿರುವುದು, ಸಿಪ್ಪೆಯ ಮೇಲೆ ಪಟ್ಟೆ. ಮೂರೂ ಅಡಗುವ ಗುಣಗಳು. ತಂದೆ, ತಾಯಿ ಎರಡೂ ಕಡೆಯಿಂದ ಬಂದರೆ ಮಾತ್ರ ಹೊರಗೆ ಕಾಣುತ್ತವೆ. ಆದ್ದರಿಂದ ಕೆಂಪು ಟೊಮೆಟೊ ಜೊತೆ ಬೆರೆತ ಮೊದಲ ತಲೆಮಾರು ಪಟ್ಟೆಯಿಲ್ಲದ ಕೆಂಪು ಹಣ್ಣನ್ನೇ ಬಿಡುತ್ತದೆ. ನಿಮ್ಮ ಕೆಂಪು ಗಿಡದೊಳಗೆ ಮೂರೂ ಗುಣ ಅಡಗಿ ಕೂತಿವೆ. ಅದರ ಬೀಜ ಬಿತ್ತಿದರೆ ಕೆಂಪು, ಹಳದಿ, ಕಂದು, ಪಟ್ಟೆ ಇರುವುದು, ಇಲ್ಲದಿರುವುದು ಎಲ್ಲವೂ ಬರುತ್ತವೆ. ಮೂರೂ ಮತ್ತೆ ಒಟ್ಟಿಗೆ ಸೇರುವುದು ಲೆಕ್ಕದ ಪ್ರಕಾರ 64 ಗಿಡಕ್ಕೆ ಒಂದರಲ್ಲಿ. ಜಾಗ, ತಾಳ್ಮೆ ಎರಡೂ ಇದ್ದರೆ ಆಡಿ ನೋಡಬಹುದು. ಇಲ್ಲದಿದ್ದರೆ ಸರಿಯಾಗಿ ಬಂದ ಗಿಡದಿಂದ ಬೀಜ ತೆಗೆದುಕೊಳ್ಳಿ.

ಮುಂದಿನ ಸಲ ಬೀಜಕ್ಕೆ ಅಂತ ಒಂದು ಗೊಂಚಲನ್ನು ಹೂ ಅರಳುವ ಮೊದಲೇ ತೆಳು ಬಟ್ಟೆಯ ಚೀಲದಿಂದ ಮುಚ್ಚಿ. ದಿನಕ್ಕೊಮ್ಮೆ ಚೀಲದ ಸಮೇತ ಮೆಲ್ಲಗೆ ಅಲ್ಲಾಡಿಸಿ. ಹೀಚು ಕಂಡ ಮೇಲೆ ಚೀಲ ತೆಗೆದು ಗುರುತಿಗೆ ದಾರ ಕಟ್ಟಿ. ಬೀಜಕ್ಕೆ ಬಿಟ್ಟ ಹಣ್ಣು ತಿನ್ನುವ ಹದಕ್ಕಿಂತ ಇನ್ನೂ ಸ್ವಲ್ಪ ಮಾಗಲಿ. ಆಮೇಲೆ ಬೀಜವನ್ನು ಲೋಳೆ ಸಮೇತ ಒಂದು ಲೋಟಕ್ಕೆ ಹಿಂಡಿ, ಸ್ವಲ್ಪ ನೀರು ಹಾಕಿ 2–3 ದಿನ ಹುಳಿಯಲು ಬಿಡಿ. ವಾಸನೆ ಬರುತ್ತದೆ, ಅಡುಗೆಮನೆಯಿಂದ ದೂರ ಇಡಿ. ತಳಕ್ಕೆ ಇಳಿದ ಬೀಜವನ್ನಷ್ಟೇ ತೊಳೆದು, ತಟ್ಟೆಯಲ್ಲಿ ಹರವಿ ನೆರಳಲ್ಲಿ ಒಣಗಿಸಿ. ಕಾಗದದ ಮೇಲೆ ಹಾಕಿದರೆ ಅಂಟಿಕೊಂಡು ಬಿಡುತ್ತವೆ. ತಂಪಾದ ಒಣ ಜಾಗದಲ್ಲಿ ಇಟ್ಟರೆ 4 ವರ್ಷವಾದರೂ ಚೆನ್ನಾಗಿ ಮೊಳೆಯುತ್ತವೆ.

ಪ್ರಶ್ನೆ: ಕಾಯಿಯ ಕೆಳಭಾಗ ಕಪ್ಪಾಗಿ ಚರ್ಮದಂತೆ ಒಣಗಿದೆ. ಪಕ್ಕದ ಚೆರ್ರಿ ಟೊಮೆಟೊಗೆ ಏನೂ ಆಗಿಲ್ಲ. ಸುಣ್ಣದ ಅಂಶ ಕಡಿಮೆ ಅಂತ ಮೊಟ್ಟೆಚಿಪ್ಪು ಹಾಕಿದೆ, ಎಪ್ಸಮ್ ಸಾಲ್ಟ್ ಕೂಡ ಹಾಕಿದೆ. ನಿಂತಿಲ್ಲ.

ಉತ್ತರ: ಎಪ್ಸಮ್ ಸಾಲ್ಟ್ ಇವತ್ತೇ ನಿಲ್ಲಿಸಿ. ಅದರಲ್ಲಿರುವುದು ಮೆಗ್ನೀಸಿಯಮ್. ಬೇರು ಕ್ಯಾಲ್ಸಿಯಂ ಹೀರುವುದಕ್ಕೆ ಅದೇ ಅಡ್ಡ ಬರುತ್ತದೆ. ಮೊಟ್ಟೆಚಿಪ್ಪಿನಿಂದ ಕೇಡಿಲ್ಲ, ಆದರೆ ಅದು ಮಣ್ಣಲ್ಲಿ ಕರಗುವಷ್ಟರಲ್ಲಿ ನಿಮ್ಮ ಬೆಳೆಯೇ ಮುಗಿದಿರುತ್ತದೆ.

ಇದು ರೋಗವಲ್ಲ, ಹರಡುವುದೂ ಇಲ್ಲ. ಕಾಯಿಯ ತುದಿಗೆ ಕ್ಯಾಲ್ಸಿಯಂ ಮುಟ್ಟದೆ ಅಲ್ಲಿನ ಜೀವಕೋಶಗಳು ಕುಸಿಯುತ್ತವೆ. ಹೆಚ್ಚಿನ ತೋಟಗಳಲ್ಲಿ ಮಣ್ಣಿನಲ್ಲಿ ಕ್ಯಾಲ್ಸಿಯಂ ಇದ್ದೇ ಇರುತ್ತದೆ. ಅದನ್ನು ಹೊತ್ತು ತರುವುದು ನೀರು. ನೀರು ಒಂದು ದಿನ ಜಾಸ್ತಿ, ಮೂರು ದಿನ ಇಲ್ಲ ಅಂತಾದರೆ ಸಾಗಣೆ ತಪ್ಪುತ್ತದೆ. ಅದೂ ಅಲ್ಲದೆ ನೀರಿನ ಪಾಲು ಎಲೆಗಳಿಗೇ ಜಾಸ್ತಿ ಹೋಗುತ್ತದೆ, ಕಾಯಿಗೆ ಕಡಿಮೆ. ಯೂರಿಯಾ ಥರದ ಗೊಬ್ಬರ ಹಾಕಿ ಎಲೆ ದಟ್ಟವಾಗಿ ಬೆಳೆಸಿದ್ದರೆ ತೊಂದರೆ ಇನ್ನೂ ಹೆಚ್ಚು. ಬುಡದ ಹತ್ತಿರ ಕೆದಕಿ ಬೇರು ಹರಿದಿದ್ದರೂ ಇದೇ ಕಥೆ. ಗ್ರೀನ್ ಜೀಬ್ರಾಗೆ ಈ ಕಾಟ ಸ್ವಲ್ಪ ಜಾಸ್ತಿಯೇ. ಚೆರ್ರಿ ಟೊಮೆಟೊಗೆ ಬರುವುದು ಅಪರೂಪ.

ಮಾಡಬೇಕಾದದ್ದು: ಕಪ್ಪಾದ ಕಾಯಿ ಕಿತ್ತು ಹಾಕಿ, ಅದು ಸರಿಹೋಗುವುದಿಲ್ಲ. ಬುಡಕ್ಕೆ ಒಣ ಎಲೆ ಅಥವಾ ಹುಲ್ಲಿನ ಹೊದಿಕೆ ನಾಲ್ಕು ಬೆರಳು ದಪ್ಪ ಹಾಕಿ, ಕಾಂಡಕ್ಕೆ ತಾಗದಂತೆ. ಮಣ್ಣಿಗೆ ಬೆರಳು ಚುಚ್ಚಿ ನೋಡಿ, ಎರಡು ಗೆಣ್ಣು ಆಳಕ್ಕೆ ಒಣಗಿದ್ದರೆ ನೀರು ಕೊಡಿ. ಕೊಟ್ಟಾಗ ಆಳಕ್ಕೆ ಇಳಿಯುವಷ್ಟು ಕೊಡಿ. ಮೊದಲ ಒಂದೆರಡು ಗೊಂಚಲಿನಲ್ಲಿ ಕಂಡು ಆಮೇಲೆ ತಾನಾಗಿಯೇ ನಿಲ್ಲುವುದೂ ಉಂಟು. ಹಣ್ಣು ಬಿರಿಯುವುದಕ್ಕೂ ಕಾರಣ ಇದೇ ಏರುಪೇರು. ಒಣಗಿದ ಮಣ್ಣಿಗೆ ದಿಢೀರ್ ಮಳೆ ಬಿದ್ದರೆ ತಿರುಳು ಉಬ್ಬಿ ಸಿಪ್ಪೆ ಒಡೆಯುತ್ತದೆ. ಮಳೆ ಬರುವ ಸೂಚನೆ ಇದ್ದರೆ ಪಟ್ಟೆ ಹಳದಿಗೆ ತಿರುಗಿದ್ದನ್ನೆಲ್ಲ ಮೊದಲೇ ಕಿತ್ತುಬಿಡಿ.

ಪ್ರಶ್ನೆ: ಬಾಲ್ಕನಿಯಲ್ಲಿ ಕುಂಡದಲ್ಲಿ ಬೆಳೆಯಬಹುದೇ?

ಉತ್ತರ: ದಿನಕ್ಕೆ 6 ಗಂಟೆ ನೇರ ಬಿಸಿಲು ಇದ್ದರೆ ಬೆಳೆಯಬಹುದು. ಕುಂಡ ಕನಿಷ್ಠ 20 ಲೀಟರಿನದು ಇರಲಿ, ಒಂದಕ್ಕೆ ಒಂದೇ ಗಿಡ. ಇದು ಕುಳ್ಳ ಗಿಡ ಅಲ್ಲ, ಬೆಳೆಯುತ್ತಲೇ ಹೋಗುವ ಜಾತಿ. ಆಳೆತ್ತರದ ಕೋಲನ್ನು ಸಸಿ ನೆಡುವಾಗಲೇ ಊರಿ, ಆಮೇಲೆ ಚುಚ್ಚಿದರೆ ಬೇರು ಹರಿಯುತ್ತದೆ. ಸಸಿಯನ್ನು ಮೊದಲ ಎಲೆಗಳವರೆಗೂ ಮಣ್ಣಿಗೆ ಇಳಿಸಿ, ಹೂತ ಕಾಂಡದಿಂದಲೂ ಬೇರು ಬರುತ್ತದೆ. ಎಲೆಯ ಕಂಕುಳಲ್ಲಿ ಹೊರಡುವ ಚಿಗುರನ್ನು ಎಳೆಯದಾಗಿದ್ದಾಗಲೇ ಚಿವುಟಿ ಒಂದೋ ಎರಡೋ ಕಾಂಡ ಬಿಡಿ. ಹಾಗಂತ ಗಿಡ ಬೋಳಿಸಬೇಡಿ. ನೆರಳಿಲ್ಲದ ಕಾಯಿಗೆ ಬಿಸಿಲು ಸುಟ್ಟು ಬಿಳಿ ಕಲೆ ಬೀಳುತ್ತದೆ. ಆ ಬಿಳುಪನ್ನು ಹಣ್ಣಾಗುವ ಬಣ್ಣ ಅಂತ ತಿಳಿದು ಕಿತ್ತವರೂ ಇದ್ದಾರೆ.

ಪ್ರಶ್ನೆ: ಹೂ ಚೆನ್ನಾಗಿ ಬಿಡುತ್ತದೆ, ಒಂದೂ ಕಾಯಿ ಕಟ್ಟದೆ ಉದುರುತ್ತದೆ.

ಉತ್ತರ: ಸೆಖೆಯ ದಿನಗಳಾದರೆ ಅದೇ ಕಾರಣ. ಹಗಲು 32 ಡಿಗ್ರಿ ದಾಟಿ, ರಾತ್ರಿಯೂ 24ಕ್ಕಿಂತ ಕೆಳಗೆ ಇಳಿಯದಿದ್ದರೆ ಪರಾಗ ಕೆಡುತ್ತದೆ. ರಾತ್ರಿ 13ಕ್ಕಿಂತ ತಣ್ಣಗಿದ್ದರೂ ಕಷ್ಟ. ಮಧ್ಯಾಹ್ನಕ್ಕೆ ನೆರಳು ಬಲೆ ಕಟ್ಟಿ, ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಗೊಂಚಲನ್ನು ಬೆರಳಿನಿಂದ ತಟ್ಟಿ. ಹವೆ ಹಿತವಾಗಿದ್ದೂ ಉದುರಿದರೆ ಗೊಬ್ಬರ ಜಾಸ್ತಿಯಾಗಿದೆ, ಒಂದಷ್ಟು ದಿನ ಸುಮ್ನೆ ಬಿಡಿ.

ಪ್ರಶ್ನೆ: ಹಸಿರು ಟೊಮೆಟೊ ವಿಷ ಅಂತ ಮನೆಯಲ್ಲಿ ಯಾರೂ ಮುಟ್ಟುತ್ತಿಲ್ಲ. ಬೇಯಿಸಿದರೆ ಸರಿಹೋಗುತ್ತದೆಯೇ?

ಉತ್ತರ: ಎಳೆ ಟೊಮೆಟೊ ಕಾಯಿಯಲ್ಲಿ ಟೊಮ್ಯಾಟಿನ್ ಅನ್ನುವ ಕಹಿ ಅಂಶ ಇರುವುದು ನಿಜ. ಹಣ್ಣಾಗುತ್ತಾ ಅದು ಇಳಿದುಹೋಗುತ್ತದೆ. ಇಳಿಯುವುದಕ್ಕೆ ಕಾರಣ ಹಣ್ಣಾಗುವುದೇ ಹೊರತು ಕೆಂಪಾಗುವುದಲ್ಲ. ಹಾಗಾಗಿ ಮೇಲೆ ಹೇಳಿದ ಹದಕ್ಕೆ ಬಂದ ಹಣ್ಣನ್ನು ಬೇರೆ ಯಾವುದೇ ಟೊಮೆಟೊ ಥರ ಹಸಿಯಾಗಿಯೇ ತಿನ್ನಬಹುದು. ಎಲೆ, ಕಾಂಡ ಮಾತ್ರ ಬೇಡ.

ಬೇಯಿಸುವ ಅಗತ್ಯವೂ ಇಲ್ಲ, ನನ್ನನ್ನು ಕೇಳಿದರೆ ಬೇಯಿಸಲೂಬಾರದು. ಹಣ್ಣಿನ ಹುಳಿ ಮತ್ತು ಬೆಂಕಿಯ ಶಾಖ ಸೇರಿದರೆ ಕ್ಲೋರೊಫಿಲ್ ಕೆಟ್ಟು ಮಂಕು ಕಂದು ಬಣ್ಣಕ್ಕೆ ಇಳಿಯುತ್ತದೆ. ಪಟ್ಟೆಯಂತೂ ಕಾಣುವುದೇ ಇಲ್ಲ. ಅಡ್ಡ ಹೋಳು ಮಾಡಿ, ಚಿಟಿಕೆ ಉಪ್ಪು ಉದುರಿಸಿ ಮನೆಯವರ ಮುಂದೆ ಇಡಿ. ಹುಳಿ ಸ್ವಲ್ಪ ಮುಂದಾಗಿರುತ್ತದೆ, ಹಿಂದೆಯೇ ಸಿಹಿ ಬರುತ್ತದೆ.