ಪುಣೆಯಲ್ಲಿರುವ ಅಕ್ಕನ ಮಗನಿಗೆ (17 ವರ್ಷ) ಬೇಟೆ ಕಲಿಸುವುದು ಹೇಗೆ? ಊರಲ್ಲಿ ಅಜ್ಜನ ಕೋವಿ ಇದೆ.

ಬೇಟೆಯನ್ನೇ ಕಲಿಸಲು ಆಗುವುದಿಲ್ಲ, ಕಾನೂನು ಬಿಡುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಲ್ಲುವುದಷ್ಟೇ ಬೇಟೆಯಲ್ಲ. ಬಲೆ ಹಾಕುವುದು, ಹಿಡಿಯುವುದು, ಹಕ್ಕಿಯ ಗೂಡು ಕೆಡಿಸುವುದೂ ಬೇಟೆಯೇ. ಊರಲ್ಲಿ ಅಜ್ಜನ ಕೋವಿ ಇದೆ ಎಂದಿದ್ದೀರಿ. ಕೊಡಗಿನ ಕೊಡವರಿಗೂ ವಿನಾಯಿತಿ ಇರುವುದು ಕೋವಿಯ ಪರವಾನಗಿಗೆ, ಬೇಟೆಗಲ್ಲ.

ಆದರೆ ಹುಡುಗನ ಆಸೆಯನ್ನು ಗದರಿಸಿ ಚಿವುಟಬೇಡಿ. ಗುರಿ ಹೊಡೆಯುವ ಚಪಲವಾದರೆ ಬಾಲೇವಾಡಿಯ ಕ್ರೀಡಾ ಸಂಕೀರ್ಣದಲ್ಲಿ ಶೂಟಿಂಗ್ ರೇಂಜ್ ಇದೆ. 10 ಮೀಟರ್ ಏರ್ ರೈಫಲ್‌ನಿಂದ ಶುರುವಾಗಲಿ, ಗುಂಡು 4.5 ಮಿ.ಮೀ. ಅಷ್ಟೇ. ಮೊದಲ ದಿನಗಳಲ್ಲಿ ಅಂಕ ಕೇಳಲೇಬೇಡಿ. ನಳಿಗೆ ಯಾರ ಕಡೆಗೂ ತಿರುಗದಿರುವುದು, ಹೊಡೆಯುವ ಕ್ಷಣದವರೆಗೂ ಬೆರಳು ಕುದುರೆಯಿಂದ (ಟ್ರಿಗರ್) ಹೊರಗಿರುವುದು, ಗುರಿಯ ಹಿಂದೆ ಏನಿದೆಯೆಂದು ನೋಡುವುದು, ಇವು ಮೈಗೂಡಲಿ. ಬೇಟೆಗೆ ಅನುಮತಿ ಇರುವ ದೇಶಗಳಲ್ಲೂ ಹಿರಿಯರು ಹೊಸಬರಿಗೆ ಮೊದಲು ಹೇಳಿಕೊಡುವುದು ಇದನ್ನೇ.

ಅವನನ್ನು ಸೆಳೆದಿರುವುದು ಕಾಡಿನಲ್ಲಿ ಪ್ರಾಣಿಗಳ ಜಾಡು ಹಿಡಿದು ಹೋಗುವುದು ಎಂದು ನನ್ನ ಗುಮಾನಿ. ಹಾಗಿದ್ದರೆ ಚಳಿಗಾಲದಲ್ಲಿ ಪುಣೆ ಜಿಲ್ಲೆಯ ಭಿಗವಣಕ್ಕೆ ಕರೆದೊಯ್ಯಿರಿ. ಅಲ್ಲಿ ಉಜನಿ ಅಣೆಕಟ್ಟಿನ ಹಿನ್ನೀರಿನಲ್ಲಿ ರಾಜಹಂಸಗಳು (ಫ್ಲೆಮಿಂಗೊ) ನೋಡಲು ಸಿಗುತ್ತವೆ. ಸಮೀಪದ ಕಡಬನವಾಡಿ ಹುಲ್ಲುಗಾವಲಿನಲ್ಲಿ ಚಿಂಕಾರ (ಒಂದು ಬಗೆಯ ಹುಲ್ಲೆ), ನರಿ, ಅದೃಷ್ಟವಿದ್ದರೆ ತೋಳ. ಗಾಳಿ ಪ್ರಾಣಿಯ ಕಡೆಯಿಂದ ನಿಮ್ಮ ಕಡೆಗೆ ಬೀಸುವಂತೆ ನಿಲ್ಲಿ, ಇಲ್ಲದಿದ್ದರೆ ವಾಸನೆ ಹಿಡಿದು ಓಡುತ್ತವೆ. ಹೆಜ್ಜೆ ಗುರುತು ಕಂಡರೆ ಉತ್ತರ ಹೇಳಿಬಿಡಬೇಡಿ. ಉಗುರು ಮೂಡಿದೆಯೇ ನೋಡು ಎನ್ನಿ. ನಾಯಿ ಜಾತಿಯದ್ದರಲ್ಲಿ ಸಾಮಾನ್ಯವಾಗಿ ಮೂಡುತ್ತದೆ, ಬೆಕ್ಕಿನ ಜಾತಿಯದ್ದರಲ್ಲಿ ಇಲ್ಲ. ಮೊಬೈಲ್ ಮಾತ್ರ ಸೈಲೆಂಟ್‌ನಲ್ಲಿರಲಿ, ನಿಮ್ಮದೂ.