ಹಳೆಯ ಸ್ಕ್ಯಾನರ್‌ಗಾಗಿ ಎಸ್‌ಎಂಬಿ 1 ಆನ್ ಇಟ್ಟರೆ ಪರವಾಗಿಲ್ವಾ?

ಮಂಡ್ಯದ ನಿಮ್ಮ ಆಡಿಟರ್ ಆಫೀಸಿನಲ್ಲಿ ಸ್ಕ್ಯಾನರ್ ಫೈಲು ಕಳಿಸಲಿ ಅಂತ ಎಸ್‌ಎಂಬಿ 1 ಆನ್ ಇಟ್ಟಿದ್ದೀರಿ. ದಯವಿಟ್ಟು ಇವತ್ತೇ ಆಫ್ ಮಾಡಿ. ಅದು ಕಂಪ್ಯೂಟರ್‌ಗಳು ನೆಟ್‌ವರ್ಕ್‌ನಲ್ಲಿ ಫೈಲು ಹಂಚಿಕೊಳ್ಳುವ 1980ರ ದಶಕದ ಪದ್ಧತಿ. ಎನ್‌ಕ್ರಿಪ್ಷನ್ (ಬೇರೆಯವರು ಓದಲಾಗದಂತೆ ಮಾಹಿತಿಯನ್ನು ಗುಪ್ತವಾಗಿಸುವುದು) ಇಲ್ಲ, ಅದೇ ನೆಟ್‌ವರ್ಕ್‌ನಲ್ಲಿ ನುಸುಳಿದವರು ಫೈಲುಗಳನ್ನು ಕದ್ದು ನೋಡಬಹುದು. ಗ್ರಾಹಕರ ಪ್ಯಾನ್, ಬ್ಯಾಂಕ್ ವಿವರ ಎಲ್ಲ ಅದರಲ್ಲೇ ಇರುತ್ತದೆ ಅಲ್ವಾ?

ಇನ್ನೂ ದೊಡ್ಡ ಭಯ ಬೇರೆ ಇದೆ. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ವೈರಸ್ ಹರಡಿದ್ದು ಎಸ್‌ಎಂಬಿ 1ರ ದೋಷದಿಂದಲೇ. ಯಾರೂ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ. 445ನೇ ಪೋರ್ಟ್ (ಎಸ್‌ಎಂಬಿ ಬಳಸುವ ನೆಟ್‌ವರ್ಕ್ ಬಾಗಿಲು) ತೆರೆದಿದ್ದರೆ ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ತಾನಾಗಿಯೇ ದಾಟುತ್ತಿತ್ತು. ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಅಪ್‌ಡೇಟ್ ಕೊಟ್ಟಿತ್ತು, ಹಾಕಿಕೊಳ್ಳದವರೇ ಜಾಸ್ತಿ ಸಿಕ್ಕಿಬಿದ್ದರು.

ಇದರ ಹೊಸ ಆವೃತ್ತಿಯಾದ ಎಸ್‌ಎಂಬಿ 3ಕ್ಕೆ ಹೋಗಿ, ಎನ್‌ಕ್ರಿಪ್ಷನ್ ಆನ್ ಮಾಡಿ. ಸ್ಕ್ಯಾನರ್ ಒಪ್ಪದಿದ್ದರೆ ಯುಎಸ್‌ಬಿ ಕೇಬಲ್ ಹಾಕಿ. ರೂಟರ್‌ನಲ್ಲಿ 445 ಹೊರಗಿನಿಂದ ಮುಚ್ಚಿದೆಯಾ, ಅದನ್ನೂ ನೋಡಿ.